ಕಾಣಲಿಲ್ಲ ಅಂದ್ರೆ ಇಲ್ಲ ಅಂತಲ್ಲ: ರಸ್ತೆ ಅಗೆಯೋ ಮೊದಲು ರೇಡಾರ್ ಹೇಳೋದೇನು?



ಇಲ್ಲಿ ಕೂತಿರೋರಲ್ಲಿ ಮುಕ್ಕಾಲು ಪಾಲು ಸಾಫ್ಟ್‌ವೇರ್ ಕೆಲಸದವರು. ಹಾಗಾಗಿ ನಿಮಗೆ ಗೊತ್ತಿರೋದ್ರಿಂದಲೇ ಶುರು ಮಾಡ್ತೀನಿ. ಡೇಟಾಬೇಸ್‌ನಲ್ಲಿ ಸೊನ್ನೆಗೂ ನಲ್‌ಗೂ ಏನು ವ್ಯತ್ಯಾಸ? ಸೊನ್ನೆ ಅಂದ್ರೆ ಎಣಿಸಿ ನೋಡಿದೀವಿ, ಒಂದೂ ಇಲ್ಲ. ನಲ್ ಅಂದ್ರೆ ಗೊತ್ತೇ ಇಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಹೊಸಬರಿಗೆ ಇದನ್ನ ಹೇಳಿಕೊಡ್ತೀವಿ. ನಾನೂ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೆ. ಆದರೂ ಪುಣೆಯ ಒಂದು ರಸ್ತೆಯ ನಕ್ಷೆಯಲ್ಲಿ ನಲ್ ಇರಬೇಕಾದ ಕಡೆ ಸೊನ್ನೆ ಹಾಕಿ ಕೊಟ್ಟೆ. ಆ ರಸ್ತೆ ಕೆಳಗೆ 11 ಕೆವಿ ಕೇಬಲ್ ಇತ್ತು. ಆ ಕಥೆಗೆ ಬರ್ತೀನಿ. ಅದಕ್ಕೆ ಮೊದಲು ಸ್ವಲ್ಪ ಹಿನ್ನೆಲೆ ಬೇಕು.

ವರ್ಕ್ ಫ್ರಮ್ ಹೋಮ್ ದಿನ, ಕ್ಲೈಂಟ್ ಕಾಲ್ ನಡೀತಿರುತ್ತೆ, ಇದ್ದಕ್ಕಿದ್ದಂಗೆ ಇಂಟರ್ನೆಟ್ ಹೋಗುತ್ತೆ. ಫೋನ್ ಮಾಡಿದ್ರೆ "ಫೈಬರ್ ಕಟ್ ಆಗಿದೆ ಸರ್, ಸಂಜೆ ಒಳಗೆ ಸರಿ ಹೋಗುತ್ತೆ" ಅಂತಾರೆ. ಇದು ನಿಮಗೆಲ್ಲ ಆಗಿರೋದೇ. ಬಾಲ್ಕನಿಯಿಂದ ಕೆಳಗೆ ನೋಡಿದ್ರೆ ಜೆಸಿಬಿ ನಿಂತಿರುತ್ತೆ. ಅಲ್ಲಿ ಅಗೀತಿದ್ದೋರು ನೀರಿನ ಪೈಪಿನವರು. ಕತ್ತರಿಸಿದ್ದು ಫೈಬರನ್ನ. ಹೋದ ವರ್ಷ ಫೈಬರಿನವರು ಅದೇ ಜಾಗದಲ್ಲಿ ನೀರಿನ ಪೈಪು ಒಡೆದಿದ್ರು. ನಾವು ಇದನ್ನ ನೋಡಿ ನಕ್ಕು ಮೊಬೈಲ್ ಹಾಟ್‌ಸ್ಪಾಟ್ ಹಾಕ್ಕೋತೀವಿ. ಆದರೆ ಆ ಗುಂಡಿಯೊಳಗೆ ಹಾರೆ ಹಿಡಿದು ನಿಂತಿರೋನಿಗೆ ಅದು ನಗೋ ವಿಷಯ ಅಲ್ಲ. ಅವನ ಹಾರೆ ಮುಟ್ಟೋದು ಫೈಬರೋ, ಹೈಟೆನ್ಷನ್ ಕೇಬಲೋ, ಗ್ಯಾಸ್ ಪೈಪೋ ಅವನಿಗೆ ಗೊತ್ತಿರಲ್ಲ.

ಪೆಟ್ಟು ಬಿದ್ದ ಕ್ಷಣದಲ್ಲೇ ಅಪಾಯ ಆಗಬೇಕು ಅಂತೇನೂ ಇಲ್ಲ. ಬೆಲ್ಜಿಯಂನ ಗಿಲಂಗಿಯಾನ್ ಅನ್ನೋ ಊರಿನ ಕೈಗಾರಿಕಾ ಪ್ರದೇಶದಲ್ಲಿ 2004ರ ಜುಲೈ 30ರಂದು ದೊಡ್ಡ ಗ್ಯಾಸ್ ಪೈಪು ಸ್ಫೋಟಿಸಿ 24 ಜನ ಸತ್ತರು. ಕಾಮಗಾರಿಯ ಯಂತ್ರವೊಂದು ಆ ಪೈಪನ್ನ ಅದಕ್ಕೂ ಮೊದಲೇ ತರಚಿತ್ತು. ಪೈಪು ಆಗ ತಡ್ಕೊಂಡಿತ್ತು. ಆಮೇಲೆ ಒತ್ತಡ ಏರಿಸಿದಾಗ ಒಡೀತು. ತರಚಿದೋರು ಯಾರೋ, ಸತ್ತೋರು ಯಾರೋ.

ಸರಿ, ಅಗೆಯೋಕೆ ಮೊದಲೇ ಒಳಗೇನಿದೆ ಅಂತ ನೋಡೋ ಉಪಾಯಗಳಲ್ಲಿ ಒಂದು ಗ್ರೌಂಡ್ ಪೆನೆಟ್ರೇಟಿಂಗ್ ರೇಡಾರ್, ಜಿಪಿಆರ್. ಮಕ್ಕಳನ್ನ ಕೂರಿಸೋ ತಳ್ಳುಗಾಡಿ ನೋಡಿದೀರಲ್ಲ, ಹೆಚ್ಚುಕಮ್ಮಿ ಅದೇ ಆಕಾರ. ಕೆಳಗೊಂದು ಡಬ್ಬಿ, ಅದರಲ್ಲಿ ಆಂಟೆನಾ. ಮೇಲೊಂದು ಪರದೆ. ಡಬ್ಬಿಯಿಂದ ರೇಡಿಯೋ ಅಲೆಯ ಚಿಕ್ಕ ಮಿಡಿತ ನೆಲದೊಳಕ್ಕೆ ಹೋಗುತ್ತೆ. ಮಣ್ಣಿನ ವಿದ್ಯುತ್ ಗುಣ ಎಲ್ಲಿ ಬದಲಾಗುತ್ತೋ ಅಲ್ಲಿ ಒಂದಿಷ್ಟು ವಾಪಸ್ ಬರುತ್ತೆ. ಎಷ್ಟು ನ್ಯಾನೋಸೆಕೆಂಡ್ ಆದ್ಮೇಲೆ ಬಂತು ಅಂತ ಯಂತ್ರ ಬರ್ಕೊಳುತ್ತೆ. ಅಷ್ಟೇ ಅದರ ಕೆಲಸ. ಕೆಳಗಿರೋದು ಪೈಪು ಅಂತಾಗ್ಲಿ, ಕೇಬಲ್ ಅಂತಾಗ್ಲಿ ಅದು ಎಲ್ಲೂ ಹೇಳಲ್ಲ.

ಪರದೆ ಮೇಲೆ ಪೈಪು ಪೈಪಿನ ಹಾಗೆ ಕಾಣೋದೂ ಇಲ್ಲ. ಬೋರಲು ಹಾಕಿದ ಬಟ್ಟಲಿನ ಹಾಗೆ ಕಾಣುತ್ತೆ. ಯಾಕೆ ಅಂದ್ರೆ ಅಲೆ ನೆಟ್ಟಗೆ ಕೆಳಗೆ ಮಾತ್ರ ಹೋಗಲ್ಲ, ಟಾರ್ಚಿನ ಬೆಳಕಿನ ಹಾಗೆ ಹರಡುತ್ತೆ. ಪೈಪು ಇನ್ನೂ ಅರ್ಧ ಮೀಟರ್ ಮುಂದಿರುವಾಗಲೇ ಅದರಿಂದ ಪ್ರತಿಫಲನ ಬರೋಕೆ ಶುರು. ಆಗ ದೂರ ಜಾಸ್ತಿ, ಸಮಯ ಜಾಸ್ತಿ. ಸರಿಯಾಗಿ ಮೇಲೆ ಬಂದಾಗ ದೂರ ಅತಿ ಕಡಿಮೆ. ದಾಟಿ ಹೋದ್ರೆ ಮತ್ತೆ ಜಾಸ್ತಿ. ಅದನ್ನ ಗೆರೆ ಎಳೆದ್ರೆ ಹೈಪರ್ಬೋಲಾ. ಪಿಯುಸಿ ಗಣಿತದಲ್ಲಿ ಇದು ಯಾವ ಕೆಲಸಕ್ಕೆ ಬರುತ್ತೆ ಅಂತ ಬೈಕೊಂಡಿದ್ವಲ್ಲ, ಇಲ್ಲಿಗೆ ಬಂತು. ಇದು ಪೈಪನ್ನ ಅಡ್ಡ ದಾಟಿದಾಗ ಮಾತ್ರ. ಗಾಡಿಯನ್ನ ಪೈಪಿನ ಉದ್ದಕ್ಕೇ ತಳ್ಳಿಕೊಂಡು ಹೋದ್ರೆ ಒಂದು ಮಟ್ಟಸ ಗೆರೆ ಬರುತ್ತೆ. ಅದನ್ನ ಮಣ್ಣಿನ ಪದರ ಅಂದುಕೊಂಡು ಮುಂದೆ ಹೋಗಿಬಿಡಬಹುದು. ಅದಕ್ಕೇ ಉದ್ದಕ್ಕೂ ಅಡ್ಡಕ್ಕೂ ಜಾಲರಿ ಹಾಕಿ ಓಡಾಡಬೇಕು. ಟ್ರಾಫಿಕ್ ಇರೋ ರಸ್ತೆಯಲ್ಲಿ ರಾತ್ರಿ ಹನ್ನೊಂದರ ಮೇಲೆ ಈ ಓಡಾಟ ನಡೆಯುತ್ತೆ. ನಾಯಿಗಳಿಗೆ ಈ ಗಾಡಿ ಕಂಡ್ರೆ ಅದೇನು ದ್ವೇಷವೋ ಗೊತ್ತಿಲ್ಲ.

ಈಗ ಆಳ. ಯಂತ್ರ ಕೊಡೋದು ಸಮಯ, ನಮಗೆ ಬೇಕಿರೋದು ಆಳ. ಮಧ್ಯೆ ವೇಗ ಬೇಕು. ಗಾಳಿಯಲ್ಲಿ ಈ ಅಲೆ ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಹೋಗುತ್ತೆ. ಒಣ ಮರಳಲ್ಲಿ ಸುಮಾರು 15. ಒದ್ದೆ ಜೇಡಿಯಲ್ಲಿ 6ರ ಆಸುಪಾಸು. ಹೋಗಿ ಬರೋಕೆ 20 ನ್ಯಾನೋಸೆಕೆಂಡ್ ಆಯ್ತು ಅಂದುಕೊಳ್ಳಿ. ಮಣ್ಣು ಒಣ ಮರಳಾದ್ರೆ ಪೈಪು ಒಂದೂವರೆ ಮೀಟರ್ ಆಳದಲ್ಲಿದೆ. ಒದ್ದೆ ಜೇಡಿಯಾದ್ರೆ 60 ಸೆಂಟಿಮೀಟರಲ್ಲೇ ಇದೆ. ಅದೇ ಪರದೆ, ಅದೇ ಬಟ್ಟಲು. ವೇಗದ ಅಂಕಿ ತಪ್ಪಾದ್ರೆ ಉತ್ತರವೇ ಬೇರೆ. ಬಟ್ಟಲಿನ ಬಾಯಿ ಎಷ್ಟು ಅಗಲ ಅನ್ನೋದರಿಂದ ವೇಗವನ್ನ ಲೆಕ್ಕ ಹಾಕಬಹುದು, ಸಾಫ್ಟ್‌ವೇರ್ ಅದನ್ನ ಮಾಡುತ್ತೆ. ಆದರೆ ಎಷ್ಟೋ ಜನ ಯಂತ್ರದ ಜೊತೆ ಬಂದ ಡಿಫಾಲ್ಟ್ ಅಂಕಿಯನ್ನ ಮುಟ್ಟೋದೇ ಇಲ್ಲ. ಡಿಫಾಲ್ಟ್ ಬದಲಾಯಿಸದೇ ಪ್ರೊಡಕ್ಷನ್‌ಗೆ ಬಿಡೋ ಅಭ್ಯಾಸ ನಮ್ಮಲ್ಲಿ ಮಾತ್ರ ಇರೋದಲ್ಲ.

ಹಾಗಾದ್ರೆ ನೀವಿರೋ ಊರಿನ ನೆಲ ಎಂಥದ್ದು? ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕೆಂದ್ರೆ ಮಾರೋರು ತೋರಿಸೋ ವಿಡಿಯೊದಲ್ಲಿ ಇದು ಇರಲ್ಲ. ರೇಡಾರ್‌ಗೆ ಶತ್ರು ಆಳ ಅಲ್ಲ. ಮಣ್ಣಲ್ಲಿ ವಿದ್ಯುತ್ ಸುಲಭವಾಗಿ ಹರಿಯೋದೇ ಅದಕ್ಕೆ ಶತ್ರು. ಉಪ್ಪಿನಂಶ, ಜೇಡಿ, ನೀರು ಮೂರೂ ಸೇರಿದ್ರೆ ಅಲೆ ಅಲ್ಲೇ ಕರಗಿ ಶಾಖವಾಗಿ ಹೋಗುತ್ತೆ. ಹೈದರಾಬಾದಿನವರು ಪುಣ್ಯವಂತರು, ಗ್ರಾನೈಟ್ ಸವೆದು ಆದ ಮೊರಂ ಇರೋ ಕಡೆ ಚೆನ್ನಾಗಿ ಕಾಣುತ್ತೆ. ಚೆನ್ನೈ ಸಮುದ್ರದ ಪಕ್ಕ ಮರಳಿದೆ, ಮೇಲೆ ಒಳ್ಳೇ ಚಿತ್ರ ಬರುತ್ತೆ. ಕೆಳಗೆ ಉಪ್ಪುನೀರು ಸಿಕ್ಕಿದ ಕೂಡಲೇ ಪರದೆ ಎಳೆದಂಗೆ. ಮುಂಬಯಿಯಲ್ಲಿ ಸಮುದ್ರ ತುಂಬಿಸಿ ಮಾಡಿದ ಜಾಗದ ಕಥೆಯೂ ಅದೇ. ಜೊತೆಗೆ ತುಂಬಿಸಿದ ಮಣ್ಣಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣ ಎಲ್ಲ ಇದ್ದು ಪರದೆ ತುಂಬಾ ಬಟ್ಟಲುಗಳೇ. ನಾವು ಪುಣೆಯವರಿಗೆ ಸಿಕ್ಕಿರೋದು ಎರೆಮಣ್ಣು. ವಿಜಯಪುರ, ಕಲಬುರಗಿ, ಧಾರವಾಡದ ಕಡೆಯವರಿಗೆ ಅದನ್ನ ವಿವರಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕಾಲು ಹೋಗೋಷ್ಟು ಬಿರುಕು, ಮಳೆಗಾಲದಲ್ಲಿ ಚಪ್ಪಲಿ ಕಿತ್ಕೊಳ್ಳೋಷ್ಟು ಅಂಟು. ನೀರನ್ನ ಹಿಡಿದಿಟ್ಟುಕೊಳ್ಳೋ ಗುಣ ಜೋಳಕ್ಕೆ ವರ, ರೇಡಾರ್‌ಗೆ ಶಾಪ. ಒದ್ದೆ ಎರೆಮಣ್ಣಲ್ಲಿ ಒಂದು ಮೀಟರ್ ಕಂಡ್ರೆ ಅದೃಷ್ಟ.

ಇನ್ನೊಂದು ಮಿತಿ ಗಾತ್ರದ್ದು. ಕ್ಷೇತ್ರದಲ್ಲಿ ಒಂದು ಹೆಬ್ಬೆಟ್ಟಿನ ಲೆಕ್ಕ ಇದೆ: ವಸ್ತುವಿನ ವ್ಯಾಸ ಆಳದ ಹತ್ತನೇ ಒಂದು ಭಾಗವಾದ್ರೂ ಇರಬೇಕು, ಆಗ ಕಂಡೀತು. ನಮ್ಮಲ್ಲಿ ಫೈಬರ್ ಹಾಕೋ ಪ್ಲಾಸ್ಟಿಕ್ ಕೊಳವೆ 40 ಮಿಲಿಮೀಟರ್. ದೂರಸಂಪರ್ಕದವರ ಮಾನದಂಡದ ಆಳ 1.65 ಮೀಟರ್. ಲೆಕ್ಕ ಹಾಕಿ. ಅಲ್ಲಿ ಕಾಣಬೇಕಾದ್ರೆ 165 ಮಿಲಿಮೀಟರ್ ಇರಬೇಕಿತ್ತು. ಅಂದ್ರೆ ನಿಯಮದ ಪ್ರಕಾರ ಆಳಕ್ಕೆ ಹಾಕಿದ ಫೈಬರ್ ರೇಡಾರ್‌ಗೆ ಕಾಣಲ್ಲ. ಕಳ್ಳತನ ಮಾಡಿ ಮೇಲೆ ಮೇಲೆ ಹಾಕಿದ್ದು ಬೇಕಾದ್ರೆ ಕಾಣುತ್ತೆ! ಲೋಹದ ಪೈಪು ಥಳಥಳ ಅಂತ ತೋರುತ್ತೆ. ನೀರು ತುಂಬಿದ ಪಿವಿಸಿಯೂ ಪರವಾಗಿಲ್ಲ. ಖಾಲಿ ಪ್ಲಾಸ್ಟಿಕ್, ಗ್ಯಾಸಿನ ಪ್ಲಾಸ್ಟಿಕ್ ಪೈಪು ಒಣ ಮಣ್ಣಲ್ಲಿ ಮಂಕು. ಅತಿ ಅಪಾಯದ್ದೇ ಅತಿ ಮಂಕು ಅನ್ನೋದು ಈ ಕೆಲಸದ ದೊಡ್ಡ ಬೇಸರ.

ಅದಕ್ಕೇ ಒಂದೇ ಯಂತ್ರ ನೆಚ್ಕೊಂಡು ಯಾರೂ ಹೋಗಬಾರದು. ಜೊತೆಗೆ ಕೇಬಲ್ ಲೊಕೇಟರ್ ಇರುತ್ತೆ. ಅದು ಕೇಬಲಿನಲ್ಲಿ ಹರಿಯೋ ಕರೆಂಟಿನ ಕಾಂತಕ್ಷೇತ್ರವನ್ನ ಹಿಡಿಯುತ್ತೆ. ಕೇಬಲಿನ ಒಂದು ತುದಿ ಕೈಗೆ ಸಿಕ್ಕರೆ ಕ್ಲಾಂಪ್ ಹಾಕಿ ನಮ್ಮದೇ ಸಿಗ್ನಲ್ ಬಿಟ್ಟು ಹಿಂಬಾಲಿಸಬಹುದು. ಇಲ್ಲಾಂದ್ರೆ ಅದರಲ್ಲಿರೋ 50 ಹರ್ಟ್ಸ್ ಗುಂಯ್ ಅನ್ನೋದನ್ನ ಕೇಳಿಸ್ಕೊಂಡು ಹೋಗಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ವೋಲ್ಟೇಜ್ ಇದ್ದು ಲೋಡ್ ಇಲ್ಲದಿದ್ರೆ ಆ ಗುಂಯ್ ಬರಲ್ಲ. ಮೂರು ಕೋರಿನ ಕೇಬಲಾದ್ರೆ ಮೂರೂ ಫೇಸಿನ ಕ್ಷೇತ್ರ ಒಂದನ್ನೊಂದು ಹೊಡೆದು ಹಾಕುತ್ತೆ. ಕೇಬಲ್ ಜೀವಂತ ಇರುತ್ತೆ, ಯಂತ್ರ ಮಾತ್ರ ಮೌನ.

ಈಗ ಕಥೆ. ಪುಣೆ ಪಶ್ಚಿಮದ ಒಂದು ರಸ್ತೆ, ಮಳೆನೀರಿನ ಪೈಪು ಹಾಕೋ ಕೆಲಸ. ಸೆಪ್ಟೆಂಬರ್ ಕೊನೆ, ನೆಲ ಇನ್ನೂ ಹಸಿ. ಸರ್ವೇ ತಂಡ ಗಾಡಿ ತಳ್ಳಿತು, ಡೇಟಾ ಸಂಸ್ಕರಿಸಿ ನಕ್ಷೆ ಮಾಡೋ ಜವಾಬ್ದಾರಿ ನನ್ನದು. ಸುಮಾರು 60 ಮೀಟರ್ ಉದ್ದದ ಒಂದು ತುಂಡಲ್ಲಿ 70 ಸೆಂಟಿಮೀಟರ್ ಕೆಳಗೆ ಏನೂ ಇಲ್ಲ, ಬರೀ ಬೂದು. ತಂಡದ ಹುಡುಗ ತನ್ನ ನೋಟ್‌ಬುಕ್ಕಿನಲ್ಲಿ ಸರಿಯಾಗೇ ಬರೆದಿದ್ದ, 'ಇಲ್ಲಿ ಸಿಗ್ನಲ್ ಸತ್ತಿದೆ' ಅಂತ. ವಿದ್ಯುತ್ ಕಂಪನಿಯ ಹಳೇ ನಕ್ಷೆಯಲ್ಲಿ ಕೇಬಲ್ ರಸ್ತೆಯ ಆ ಕಡೆ ಬದಿಗಿತ್ತು. ಕ್ಲಾಂಪ್ ಹಾಕೋಕೆ ಸಬ್‌ಸ್ಟೇಷನ್ ಒಳಗೆ ಹೋಗಬೇಕು, ಅದಕ್ಕೆ ಅನುಮತಿ ಬರೋಕೆ ಇನ್ನೂ ನಾಲ್ಕು ದಿನ ಬೇಕಿತ್ತು. ನಾವು ಕಾಯಲಿಲ್ಲ. ನನ್ನ ಸಾಫ್ಟ್‌ವೇರಿನಲ್ಲಿ ಕಂಡದ್ದಕ್ಕೆ ಗೆರೆ ಎಳೆಯೋ ವ್ಯವಸ್ಥೆ ಇತ್ತು. ನೋಡೋಕೇ ಆಗದ ಜಾಗಕ್ಕೆ ಒಂದು ಗುರುತು ಹಾಕೋ ವ್ಯವಸ್ಥೆ ಇರಲಿಲ್ಲ. ಹಾಗಾಗಿ ನೋಟ್‌ಬುಕ್ಕಿನ ಸಾಲು ನೋಟ್‌ಬುಕ್ಕಿನಲ್ಲೇ ಉಳೀತು. ನಕ್ಷೆಯಲ್ಲಿ ಆ 60 ಮೀಟರ್ ಶುದ್ಧ ಬಿಳಿ. ಗುತ್ತಿಗೆದಾರ ಬಿಳಿಯನ್ನ ಹೇಗೆ ಓದ್ತಾನೆ? ಖಾಲಿ ಅಂತ. ಜೆಸಿಬಿ ಅಲ್ಲಿಂದಲೇ ಶುರು ಮಾಡಿದ್ರು.

ಆ ದಿನ ಬೆಳಿಗ್ಗೆ ನಾನು ಸೈಟಿಗೆ ಹೋಗಿದ್ದು ಬೇರೆ ಯಾವುದೋ ಕಾರಣಕ್ಕೆ. ಕೆಲಸದವರಲ್ಲಿ ಐದಾರು ಜನ ಕಲಬುರಗಿ, ಯಾದಗಿರಿ ಕಡೆಯವರು. ಈ ಊರುಗಳಲ್ಲಿ ನಾವು ಮಾತ್ರ ಕನ್ನಡದವರು ಅಂದ್ಕೊಂಡಿರ್ತೀವಿ, ನಮ್ಮ ಆಫೀಸಿನ ಕೇಬಲ್ ಗುಂಡಿ ತೋಡಿದೋರೂ ನಮ್ಮೋರೇ. ಅವರಲ್ಲಿ ವಯಸ್ಸಾದ ಒಬ್ಬರು ಇದ್ದರು, ನಾನು ಕಾಕಾ ಅಂತಿದ್ದೆ. ಬಕೆಟ್ ಎರಡು ಸಲ ಇಳಿದು ಎದ್ದಿತ್ತು. ಕಾಕಾ ಗುಂಡಿ ಅಂಚಿಗೆ ಬಂದು ಬಗ್ಗಿ ನೋಡಿದವರೇ ಕೈ ಎತ್ತಿ ಕೂಗಿದರು, "ಮಷಿನ್ ನಿಂದ್ರಸ್ರಿ!"

ಸೂಪರ್‌ವೈಸರ್ ಮರಾಠಿಯಲ್ಲಿ ರೇಗಿದ. ನಾನು ಹೋಗಿ, "ಏನಾಯ್ತು ಕಾಕಾ?" ಅಂದೆ.

"ನೋಡ್ರಿ ಸರ, ಈ ಕಡಿ ಕರಿಮಣ್ಣು, ಆ ಕಡಿ ಕರಿಮಣ್ಣು. ನಡುವ ಈ ಮುರುಂ ಹ್ಯಾಂಗ ಬಂತು? ಯಾರೋ ಮೊದಲ ಅಗದು ಮುಚ್ಯಾರ."

ನೋಡಿದೆ. ಒಂದೂವರೆ ಅಡಿ ಅಗಲದ ಕೆಂಪು ಪಟ್ಟಿ, ಎರಡೂ ಪಕ್ಕ ಎರೆ. ನನ್ನ ಕಣ್ಣಿಗೂ ಬಿದ್ದಿತ್ತು ಅದು, ಆದರೆ ಬುದ್ಧಿಗೆ ಹೋಗಿರಲಿಲ್ಲ. ಎರೆಮಣ್ಣಿನ ಕೆಳಗೆ ಮೊರಂ ಇರೋದು ಸಹಜ. ಎರೆಯ ನಡುವೆ ಕತ್ತರಿಸಿದಂಗೆ ನೆಟ್ಟಗೆ ನಿಂತಿರೋದು ಸಹಜ ಅಲ್ಲ. ಕೈಯಲ್ಲೇ ಅಗೀರಿ ಅಂತ ಹೇಳಿದೆ. ಹಾರೆ ಬೇಡ, ಸಲಿಕೆಯಲ್ಲಿ ಕೆರೀರಿ ಅಂದೆ. ಮುಕ್ಕಾಲು ಮೀಟರ್ ದಾಟಿದ ಮೇಲೆ ಇಟ್ಟಿಗೆ ಸಾಲು ಸಿಕ್ಕಿತು. ಹೈಟೆನ್ಷನ್ ಕೇಬಲಿನ ಮೇಲೆ ಇಟ್ಟಿಗೆಯನ್ನೋ ಹಲಗೆಯನ್ನೋ ಜೋಡಿಸ್ತಾರೆ, ಅಗೆಯೋನಿಗೆ ಅದೇ ಎಚ್ಚರಿಕೆ. 11 ಕೆವಿ ಕೇಬಲಿಗೆ ನಮ್ಮ ಮಾನದಂಡದಲ್ಲಿ ಹೇಳಿರೋ ಆಳ 90 ಸೆಂಟಿಮೀಟರ್. ಅಲ್ಲೇ ಇತ್ತು. ವಿದ್ಯುತ್ ಕಂಪನಿಯವರು ಬಂದು ನೋಡಿ ಚಾರ್ಜ್ ಆಗಿದೆ ಅಂದರು. ಬಕೆಟಿನ ಹಲ್ಲಿಗೂ ಅದಕ್ಕೂ ಉಳಿದಿದ್ದು ಒಂದು ಅಳತೆ ಪಟ್ಟಿಯಷ್ಟು.

ಆ ಸಂಜೆ ನಾನು ಲ್ಯಾಪ್‌ಟಾಪ್ ತೆಗೆದು ಆ ಜಾಗದ ಚಿತ್ರವನ್ನ ಮತ್ತೆ ಮತ್ತೆ ನೋಡಿದೆ. ಬಟ್ಟಲು ಇದ್ದಿದ್ದನ್ನ ನಾನು ಬಿಟ್ಟಿದ್ದೆನಾ? ಇಲ್ಲ. ನಿಜವಾಗ್ಲೂ ಇರಲಿಲ್ಲ. ಆದರೆ 40 ಸೆಂಟಿಮೀಟರ್ ಮಟ್ಟದಲ್ಲಿ ಒಂದು ಸಣ್ಣ ಒಡಕು ಇತ್ತು, ಪದರದ ಗೆರೆ ತುಂಡಾಗಿ ಸ್ವಲ್ಪ ಆಚೆ ಮತ್ತೆ ಶುರುವಾಗಿತ್ತು. ಅದು ಹಳೇ ಗುಂಡಿಯ ಗೋಡೆ. ಕಾಕಾ ನೋಡಿದ್ದೂ ಅದನ್ನೇ. ಅವರು ನೋಡಿದ್ದು ಬಣ್ಣದಲ್ಲಿ, ನನಗೆ ಅದು ಬೂದಿಯಲ್ಲಿತ್ತು. ನಾನು ಹುಡುಕ್ತಿದ್ದುದು ಬಟ್ಟಲನ್ನ, ಹಾಗಾಗಿ ಗುಂಡಿ ಕಾಣಲಿಲ್ಲ.

ಬ್ರಿಟನ್ನಿನಲ್ಲಿ 2014ರಲ್ಲಿ ಪಾಸ್ 128 ಅನ್ನೋ ಮಾನದಂಡ ಬಂತು. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ್ದು 2002ರಿಂದಲೇ ಇದೆ. ಎರಡೂ 2022ರಲ್ಲಿ ಪರಿಷ್ಕರಣೆ ಆದವು. ಎರಡರದ್ದೂ ಮೂಲ ವಿಚಾರ ಒಂದೇ: ನಕ್ಷೆ ಮೇಲಿರೋ ಪ್ರತಿ ಗೆರೆಗೂ ಅದು ಹೇಗೆ ಗೊತ್ತಾಯ್ತು ಅನ್ನೋ ದರ್ಜೆ ಇರಬೇಕು. ಬರೀ ಹಳೇ ಕಾಗದದಿಂದ ಬಂದದ್ದು ಡಿ. ಸ್ಥಳಕ್ಕೆ ಹೋಗಿ ಚೇಂಬರು, ವಾಲ್ವು ನೋಡಿ ತಾಳೆ ಹಾಕಿದ್ದು ಸಿ. ಯಂತ್ರದಿಂದ ಪತ್ತೆಯಾದದ್ದು ಬಿ. ಅಗೆದು ಕಣ್ಣಾರೆ ನೋಡಿದ್ದು ಎ. ಪಾಸ್ 128ರಲ್ಲಿ ಬಿ ದರ್ಜೆ ಮತ್ತೆ ನಾಲ್ಕು ಭಾಗ. ನನಗೆ ಬಹಳ ಇಷ್ಟವಾಗಿದ್ದು ಕೊನೇದು, ಬಿ4: ಇಲ್ಲಿ ಏನೋ ಇರಬೇಕು ಅಂತ ಅನುಮಾನ ಇದೆ, ಆದರೆ ಯಂತ್ರಕ್ಕೆ ಸಿಕ್ಕಿಲ್ಲ. ಮಾನದಂಡ ಬರೆದೋರು ನಲ್‌ಗೆ ಒಂದು ಜಾಗ ಇಟ್ಟಿದ್ದಾರೆ! ಅದನ್ನ ಓದಿದಾಗ ನಾಚಿಕೆಯೂ ಆಯ್ತು. ನಾನು ಡೇಟಾಬೇಸ್ ಕಲಿತವನು, ನನ್ನ ಸ್ಕೀಮಾದಲ್ಲಿ ಅದು ಇರಲಿಲ್ಲ.

ನಾನು ಮಾಡಿದ ಬದಲಾವಣೆ ತೀರಾ ಸಣ್ಣದು. ಈಗ ನಕ್ಷೆಯಲ್ಲಿ ಬಿಳಿ ಅನ್ನೋದೇ ಇಲ್ಲ. ಪ್ರತಿ ಚದರ ಮೀಟರಿಗೂ ಎಷ್ಟು ಆಳದವರೆಗೆ ಕಂಡಿದೆ ಅನ್ನೋ ಅಂಕಿ ಇರುತ್ತೆ. ಅದಕ್ಕಿಂತ ಕೆಳಗೆ ಕೆಲಸ ಇದ್ರೆ ಓರೆ ಗೆರೆಗಳ ಗೀಟು. ಆ ಗೀಟು ಇರೋ ಕಡೆ ಕೈಯಲ್ಲಿ ಟ್ರಯಲ್ ಪಿಟ್ ತೋಡದೆ ಯಂತ್ರ ಇಳಿಸಬಾರದು ಅಂತ ಟಿಪ್ಪಣಿ.

ಮೊದಲ ಮೀಟಿಂಗಲ್ಲೇ ಗಲಾಟೆ. ದುಡ್ಡು ಕೊಡೋ ಕಡೆಯವರು, "ರೀ, ಕಾಣಲಿಲ್ಲ ಅಂತ ಬರ್ಕೊಡೋಕೆ ನಿಮಗ್ಯಾಕೆ ದುಡ್ಡು ಕೊಡಬೇಕು?" ಅಂತ ನೇರವಾಗೇ ಕೇಳಿದರು. ಅವರದ್ದು ತಪ್ಪು ಪ್ರಶ್ನೆ ಅಂತ ನಾನು ಹೇಳಲ್ಲ. ಇಂಥ ಸರ್ವೇಗೆ ಟೆಂಡರ್ ಕರೆಯೋದು ಕಿಲೋಮೀಟರ್ ಲೆಕ್ಕದಲ್ಲಿ. ಕಿಲೋಮೀಟರಿಗೆ ಇಷ್ಟು ಗೆರೆ ಸಿಕ್ಕರೆ ಕೆಲಸ ಆಯ್ತು ಅಂತ ಭಾವನೆ. ಕಾಣಲಿಲ್ಲ ಅಂತ ಪ್ರಾಮಾಣಿಕವಾಗಿ ಬರೆದವನ ನಕ್ಷೆ ಬಡವಾಗಿ ಕಾಣುತ್ತೆ, ಊಹೆ ಮಾಡಿ ಗೆರೆ ಎಳೆದವನದ್ದು ಶ್ರೀಮಂತ. ಹೀಗಿರುವಾಗ ಯಾರು ಪ್ರಾಮಾಣಿಕವಾಗಿ ಬರೀತಾರೆ ಹೇಳಿ. ನಾನು ಅವತ್ತು ಕೊಟ್ಟ ಉತ್ತರ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ 1999ರ ಅಧ್ಯಯನ. ನಾಲ್ಕು ರಾಜ್ಯಗಳ 71 ರಸ್ತೆ ಯೋಜನೆಗಳನ್ನ ನೋಡಿ, ಈ ಥರ ದರ್ಜೆ ಹಾಕಿ ಮಾಡಿದ ಸರ್ವೇಗೆ ಖರ್ಚಾದ ಪ್ರತಿ ಡಾಲರಿಗೆ 4.62 ಡಾಲರ್ ಉಳಿತಾಯ ಅಂತ ಲೆಕ್ಕ ಹಾಕಿದ್ರು. ಅವರು ಅರ್ಧ ಒಪ್ಪಿದರು. ಉಳಿದರ್ಧವನ್ನ ಒಪ್ಪಿಸಿದ್ದು ಆ ಇಟ್ಟಿಗೆ ಸಾಲಿನ ಫೋಟೊ.

ಕೊನೆಗೆ ಎರಡು ಮಾತು, ನಿಮ್ಮಲ್ಲಿ ಯಾರಾದ್ರೂ ಕೇಳೇ ಕೇಳ್ತೀರಿ ಅಂತ. ಎಐ ಹಾಕಿ ಬಟ್ಟಲು ಹುಡುಕಬಹುದಲ್ವಾ? ಹುಡುಕಬಹುದು, ಹುಡುಕ್ತಿದ್ದಾರೆ, ನಾವೂ ಮಾಡಿದೀವಿ. ಕಾಣೋ ಬಟ್ಟಲನ್ನ ಮನುಷ್ಯರಿಗಿಂತ ಬೇಗ ಹುಡುಕುತ್ತೆ. ಆದರೆ ತರಬೇತಿಗೆ ಕೊಟ್ಟ ಲೇಬಲ್‌ಗಳು ಎಲ್ಲಿಂದ ಬಂದವು? ನಮ್ಮಂಥೋರು ಪರದೆ ನೋಡಿ ಹಾಕಿದ್ದು. ಅಗೆದು ನೋಡಿ ಹಾಕಿದ್ದು ಬೆರಳೆಣಿಕೆ. ನಮಗೆ ಕಾಣದ ಕೇಬಲಿಗೆ ಲೇಬಲ್ಲೇ ಇಲ್ಲ, ಆದ್ದರಿಂದ ಮಾಡೆಲ್ ಅದನ್ನ ತಪ್ಪಿಸಿಕೊಂಡ್ರೆ ಅಂಕ ಕೂಡ ಕಳೆಯಲ್ಲ. ಶೇಕಡಾವಾರು ಚೆನ್ನಾಗೇ ಬರುತ್ತೆ.

ಇನ್ನೊಂದು, ಹೇಳಿ ಅಗೆಯೋ ವ್ಯವಸ್ಥೆ. ಅಮೆರಿಕದಲ್ಲಿ 2007ರಿಂದ 811 ಅನ್ನೋ ಒಂದೇ ನಂಬರ್ ಇದೆ. ನಮ್ಮಲ್ಲಿ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಬಂತು. ಅಗೆಯೋರು ಜಾಗ ಹಾಕಿದ್ರೆ ಅಲ್ಲಿ ಆಸ್ತಿ ಇರೋ ಸಂಸ್ಥೆಗಳಿಗೆ ಸಂದೇಶ ಹೋಗುತ್ತೆ. ಹೊಂದಾಣಿಕೆ ಇಲ್ಲದೆ ಅಗೆಯೋದರಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ನಷ್ಟ ಅಂತ ಆಗ ಸರ್ಕಾರವೇ ಹೇಳಿತ್ತು. ಒಳ್ಳೇ ಕೆಲಸ. ಆದರೆ ಆ ಸಂಸ್ಥೆಗಳ ಹತ್ತಿರ ಇರೋ ನಕ್ಷೆ ಎಷ್ಟು ಸರಿಯೋ ಉತ್ತರವೂ ಅಷ್ಟೇ ಸರಿ. ನಮ್ಮ ಕೇಬಲ್ ಕಾಗದದ ಮೇಲೆ ರಸ್ತೆಯ ಆ ಕಡೆ ಇತ್ತಲ್ಲ. ನಿಮ್ಮ ಸೊಸೈಟಿಯಲ್ಲಿ ಬೋರ್‌ವೆಲ್ಲೋ, ಸಂಪೋ, ಇವಿ ಚಾರ್ಜರಿನ ಲೈನೋ ಹಾಕಿಸುವಾಗ ಗುಂಡಿ ಮುಚ್ಚೋ ಮೊದಲು ಗೋಡೆಯಿಂದ ಅಳತೆ ಪಟ್ಟಿ ಹಿಡಿದು ಒಂದು ಫೋಟೊ ತೆಗೆದು ಇಡಿ. ಅದು ಎ ದರ್ಜೆಯ ದಾಖಲೆ, ಪುಕ್ಕಟೆ.

ಆಮೇಲಿನ ಸೈಟಲ್ಲಿ ಗೀಟು ಹಾಕಿದ ಜಾಗದಲ್ಲಿ ಮೂರು ಪಿಟ್ ತೋಡಿಸಿದ್ವಿ. ಮೊದಲ ಎರಡರಲ್ಲಿ ಬರೀ ಮಣ್ಣು. ಸೂಪರ್‌ವೈಸರ್ ನನ್ನ ಮುಖ ನೋಡಿದ. ಮೂರನೇದರಲ್ಲಿ ಯಾವ ನಕ್ಷೆಯಲ್ಲೂ ಇಲ್ಲದ ಬೀಡು ಕಬ್ಬಿಣದ ನೀರಿನ ಪೈಪು ಸಿಕ್ಕಿತು. ಕಾಕಾ ಅಲ್ಲಿಗೂ ಬಂದಿದ್ದರು. ಪರದೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇದರಾಗ ಏನೂ ಕಾಣಂಗಿಲ್ಲಲ್ರೀ ಸರ" ಅಂದರು. ಹೌದು ಕಾಕಾ, ಅದಕ್ಕೇ ಗೀಟು ಹಾಕಿದ್ದು ಅಂದೆ. ತಲೆ ಆಡಿಸಿ ಗುಂಡಿಗೆ ಇಳಿದರು.

ಇಲ್ಲಿಗೆ ನಿಲ್ಲಿಸ್ತೀನಿ. ಪ್ರಶ್ನೆ ಇದ್ರೆ ಕೇಳಿ.